ರೆಕ್ಕೆಹುಲಿಗೆ ಊಟ ಹಾಕಿದ ಕಾವಲುನಾಯಕ

ಬಹಳ ಬಹಳ ಹಿಂದೆ, ಮೋಡಕ್ಕಿಂತ ಒಂದೇ ಮೆಟ್ಟಿಲು ಕೆಳಗೆ, ಹೊಂಬೆಟ್ಟ ಅಂತ ಒಂದು ರಾಜ್ಯವಿತ್ತು. ಅಲ್ಲಿ ರಾಜನಿರಲಿಲ್ಲ. ಜನರೇ ಬಯಲಲ್ಲಿ ಸೇರಿ, ಕೈಯೆತ್ತಿ ಕಾವಲುನಾಯಕನನ್ನು ಆರಿಸುತ್ತಿದ್ದರು. ಆರಿಸಿದವನ ತಲೆಗೆ ಕೆಂಪು ಪೇಟ ಬಿತ್ತೋ, ಅವನ ಮಾತಿಗೆ ಇಡೀ ಊರಿನ ಬಲ! ಅವನು "ನಿಲ್ಲು!" ಅಂದರೆ ಎಂಥ ಮಾಯಾಮೃಗವೂ ಕಲ್ಲಾಗಿ ನಿಲ್ಲಬೇಕು.

ಆ ವರ್ಷ ಪೇಟ ಬಿದ್ದದ್ದು ಹಾಲಪ್ಪನ ತಲೆಗೆ. ಒಳ್ಳೆಯವನೇ, ಆದರೆ ಬಾಯಿಚಪಲದವನು. ಊರನ್ನು ನುಂಗಲು ಹೊಂಚು ಹಾಕುತ್ತಿದ್ದ ಮಾಂತ್ರಿಕ ಧೂಮಕೇಶಿಗೆ ಇದು ಗೊತ್ತಿತ್ತು.

"ನಾಯಕರೇ, ಮಧ್ಯಾಹ್ನ ಸುಮ್ಮನೆ ಕೂತಿರ್ತೀರಲ್ಲ, ನನ್ನ ರೆಕ್ಕೆಹುಲಿಗೆ ಊಟ ಹಾಕಿ. ದಿನಕ್ಕೊಂದು ಬುಟ್ಟಿ ಹೋಳಿಗೆ ನಿಮ್ಮದು," ಅಂದ.

ಹಾಲಪ್ಪ ಒಪ್ಪಿಯೇಬಿಟ್ಟ. ಹೆಂಡತಿ ಸಣ್ಣೀರಿ ತಲೆತಲೆ ಚಚ್ಚಿಕೊಂಡಳು. "ಎರಡು ದೋಣಿ ಮೇಲೆ ಕಾಲಿಟ್ಟರೆ ಮುಳುಗದೆ ಇರ್ತೀರಾ?"

"ಬೆಳಿಗ್ಗೆ ಊರ ಕೆಲಸ, ಮಧ್ಯಾಹ್ನ ಅವನ ಕೆಲಸ. ಯಾರಿಗೇನು ನಷ್ಟ ಮಾರಾಯ್ತಿ?" ಅಂದ ಹಾಲಪ್ಪ, ಬಾಯಿತುಂಬ ಹೋಳಿಗೆ ತುಂಬಿಕೊಂಡು.

ತಿಂಗಳು ಕಳೆಯುವಷ್ಟರಲ್ಲಿ ಹುಲಿ ಊರಿಗೇ ಹಾರಿಬಂತು! ಹಾಲಪ್ಪ ಹೆಬ್ಬಾಗಿಲಲ್ಲಿ ನಿಂತು "ನಿಲ್ಲು!" ಎಂದು ಗುಡುಗಿದ. ನಿಂತಿತೇ? ಎಲ್ಲಿಯ ಮಾತು! ಊಟ ಹಾಕುವವನ ದನಿ ಕೇಳಿ, ಬಾಲ ಅಲ್ಲಾಡಿಸುತ್ತಾ ಓಡಿಬಂದು, ಊರಿನ ಕಣಜವನ್ನೇ ಗುಳುಂ ಮಾಡಿತು. ಎರಡನೆಯ ದಿನ ಮತ್ತೆ "ನಿಲ್ಲು!" ಮತ್ತೆ ಬಾಲ. ಕೊಟ್ಟಿಗೆಯ ದನಗಳೆಲ್ಲ ಗುಳುಂ! ಮೂರನೆಯ ದಿನ ಸಣ್ಣೀರಿಯೇ ಪೊರಕೆ ಹಿಡಿದು ಅಡ್ಡ ನಿಂತಳು. ಪೊರಕೆ ಸಮೇತ ಗುಳುಂ!

ಮರದ ಮೇಲಿಂದ ಧೂಮಕೇಶಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಅವನು ನಿಮ್ಮ ನಾಯಕನಲ್ಲ ಕಣ್ರೋ, ನನ್ನ ಆಳು!"

ಹುಲಿ ಹಾಲಪ್ಪನ ಕಾಲು ನೆಕ್ಕುತ್ತಿತ್ತು. ಅವನ ಎದೆ ಒಡೆದುಹೋಯಿತು. ಪೇಟ ಕಿತ್ತು ಜನರ ಮುಂದೆ ಹಿಡಿದ. "ತಪ್ಪಾಯ್ತು! ನನ್ನ ಮಾತಿಗೆ ಬಲ ಇಲ್ಲ. ಈಗಲೇ ಬೇರೆಯವರನ್ನ ಆರಿಸಿ. ನನ್ನ ಸಣ್ಣೀರಿ ಒಳಗಿದ್ದಾಳೆ!"

"ಕಾಳಜ್ಜಿ ಆಗಲಿ!" ಎಂದರು ಕೆಲವರು, ಗುಂಪಿನಲ್ಲಿದ್ದ ಮುದುಕಿಯೊಬ್ಬಳನ್ನು ತೋರಿಸಿ.

"ಆಕೆಗೂ ಇನ್ನೊಂದು ಕೆಲಸ ಇದೆಯಲ್ಲ, ಮಜ್ಜಿಗೆ ಮಾರೋದು," ಅಂದ ಒಬ್ಬ. "ಯಾರಿಗೆ ಮಾರ್ತೀಯಜ್ಜಿ?"

"ಅಯ್ಯೋ, ನಿಮಗೇ ಕಣ್ರಪ್ಪಾ! ನೀರು ಜಾಸ್ತಿಯಾಯ್ತು ಅಂತ ದಿನಾ ಬೈಯೋರು ನೀವೇ ಅಲ್ವಾ?"

ಎಲ್ಲ ಕೈಗಳೂ ಒಟ್ಟಿಗೆ ಮೇಲೆದ್ದವು. ಪೇಟ ಅಜ್ಜಿಯ ತಲೆಗೇರಿತು.

"ನಿಲ್ಲು!"

ಹುಲಿ ಬಾಯಿ ತೆರೆದುಕೊಂಡೇ ಕಲ್ಲಾಯಿತು. ಆ ಕ್ಷಣವೇ ಧೂಮಕೇಶಿಯೂ ಹೊಗೆಯಾಗಿ ಹಾರಿಹೋದ. ಹುಲಿಯ ಬಾಯಿಂದ ದನಗಳು ಬಂದವು, ಕಣಜ ಉರುಳಿತು, ಕೊನೆಗೆ ಪೊರಕೆ ಕೊಡವುತ್ತಾ ಸಣ್ಣೀರಿ ಇಳಿದಳು!

ಗಂಡನ ಬೋಳುತಲೆ ನೋಡಿ, "ಪೇಟ ಎಲ್ಲಿ?" ಅಂದಳು.

"ಕೊಟ್ಟುಬಿಟ್ಟೆ."

"ನನಗೋಸ್ಕರಾನಾ?"

ಹಾಲಪ್ಪ ಗಳಗಳನೆ ಅತ್ತ. ಸಣ್ಣೀರಿ ಸೆರಗಿನಿಂದ ಅವನ ಕಣ್ಣೊರೆಸಿ, "ಹೇಗಿದ್ದರೂ ನಿಮಗದು ಒಪ್ಪುತ್ತಿರಲಿಲ್ಲ ಬಿಡಿ," ಅಂದಳು.

ಆಮೇಲೆ ಹೊಂಬೆಟ್ಟದವರು ಹೊಟ್ಟೆತುಂಬ ಉಂಡರು, ಕಣ್ತುಂಬ ನಿದ್ದೆ ಮಾಡಿದರು, ನೂರು ಕಾಲ ಚೆನ್ನಾಗಿ ಬಾಳಿದರು.