ಎಡಕ್ಕೆ, ಸ್ವಲ್ಪ ಕೆಳಕ್ಕೆ

ಕಿಸೆಹೊತ್ತಿಗೆ ಮತ್ತೆ ನಿಂತುಬಿಟ್ಟಿತು. ಕೊನೆಯ ಸಾಲು ಓದಿ ಮುಗಿಸಿ ಸಾವಂತ್ರೆವ್ವ ಕಾದಳು, ಪುಟ ಮಗುಚಲಿಲ್ಲ. ಕಾದಂಬರಿಯೊಳಗೆ ಹೊಸ ಅಳಿಯನೊಬ್ಬ ಕತ್ತಲಲ್ಲಿ ಎಮ್ಮೆಯನ್ನೇ ಮಾವನೆಂದು ತಿಳಿದು ಕೈಮುಗಿದು ನಿಂತಿದ್ದ. ಮುಂದೇನಾಯಿತೆಂದು ಜೀವ ಚಡಪಡಿಸುವಾಗಲೇ ಈ ಯಂತ್ರಕ್ಕೆ ಏನೋ ಬಡಿಯುತ್ತಿತ್ತು.

"ನಿನಗೇನ್ ಧಾಡಿ ಆಗೈತಿ? ಮುಂದ ನಡಿ!" ಎಂದು ಗದರಿ, ಅದನ್ನು ಮುಚ್ಚಿ ಚೀಲಕ್ಕೆ ಹಾಕಿದಳು. ನಾಳೆ ಹುಬ್ಬಳ್ಳಿಗೆ ಹೋಗಿ ರಿಪೇರಿ ಮಾಡಿಸುವುದೇ ಸರಿ.

ಅಚ್ಚಿನ ಪುಸ್ತಕಗಳು ಅಪರೂಪವಾಗಿದ್ದ ಆ ಕಾಲದಲ್ಲಿ ಕಿಸೆಹೊತ್ತಿಗೆ ಎಲ್ಲರ ಜೇಬಿನಲ್ಲೂ ಇತ್ತು. ಅಂಗೈಯಗಲದ ಅದರ ಪರದೆ ಬೆಳಕು ಬೀರುತ್ತಿರಲಿಲ್ಲ. ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಗಳು, ಅವುಗಳಲ್ಲಿ ಕಪ್ಪು ಬಿಳಿ ಕಣಗಳು. ವಿದ್ಯುತ್ತಿನ ಸನ್ನೆಗೆ ಕಪ್ಪು ಕಣ ಮೇಲೆ ಬಂದಲ್ಲಿ ಅಕ್ಷರ, ಬಿಳಿ ಬಂದಲ್ಲಿ ಕಾಗದ. ಈ ವಿದ್ಯುತ್ ಮಸಿ ಹಳೆಯ ವಿದ್ಯೆ. ಹೊಸತೆಂದರೆ 'ಓದುನಡೆ'. ಪುಟ ತಿರುವಲು ಗುಂಡಿಯಿಲ್ಲ, ಬೆರಳು ಸವರುವ ಗೋಜಿಲ್ಲ. ಓದುವವರ ಕಣ್ಣನ್ನು ಗಮನಿಸಿ ಅದು ತಾನೇ ಪುಟ ಮಗುಚುತ್ತಿತ್ತು, ಕಣ್ಣು ಆಚೆ ಹೋದರೆ ಕಾಯುತ್ತಿತ್ತು. ಕೆಲವು ಪುಸ್ತಕ ಮುಗಿಯುವಷ್ಟರಲ್ಲಿ, ತನ್ನ ಒಡೆಯ ಎಂಥ ಮಾತಿಗೆ ಓಡುತ್ತಾನೆ, ಎಂಥ ಮಾತಿಗೆ ನಿಲ್ಲುತ್ತಾನೆ ಎಂಬುದನ್ನು ಕಲಿತು, ಅವನಿನ್ನೂ ಓದದ ಪುಟಗಳಲ್ಲೂ ಹಾಗೆಯೇ ನಡೆಯುತ್ತಿತ್ತು.

ಇದರ ಒಡೆಯ ಸಾವಂತ್ರೆವ್ವನ ಗಂಡ ಅಡಿವೆಪ್ಪ. ರೈಲ್ವೆ ಗೇಟು ಕಾಯುತ್ತ ಓದಿನ ಚಟ ಹತ್ತಿಸಿಕೊಂಡವನು. ನಿವೃತ್ತನಾದ ಮೇಲೆ ಸಂಜೆಯಾಯಿತೆಂದರೆ ಅವನು ಕುರ್ಚಿಯಲ್ಲಿ, ಅವಳು ಪಕ್ಕದಲ್ಲಿ ನೆಲದ ಮೇಲೆ ಹೊಲಿಯುವ ಕೌದಿ ಹರಡಿಕೊಂಡು. ಗಟ್ಟಿಯಾಗಿ ಓದುವುದು ಅವನ ಕೆಲಸ, ನಗುವುದು ಅವಳ ಕೆಲಸ. ತಲೆಯೆತ್ತಿದರೆ ಹೊಲಿಗೆ ಸೊಟ್ಟಗಾಗುತ್ತದೆಂದು ತಲೆ ಬಗ್ಗಿಸಿಯೇ ನಗುತ್ತಿದ್ದಳು. ನಡುವೆ ಅವನು ಸುಮ್ಮನಾದರೆ, "ಯಾಕ್ ನಿಂತ್ರಿ? ಓದ್ರಿ," ಎಂದು ಅವಸರ ಮಾಡುತ್ತಿದ್ದಳು. ಯುಗಾದಿಯ ಹಿಂದೆಮುಂದೆ ಅವನ ಎದೆಬಡಿತವೇ ನಿಂತುಹೋಯಿತು. ಈ ಕಾದಂಬರಿಯ ಕಾಲುಭಾಗ ಉಳಿದಿತ್ತು. ಅದನ್ನು ಮುಗಿಸದೆ ಬಿಟ್ಟರೆ ಅವನನ್ನೇ ನಡುದಾರಿಯಲ್ಲಿ ಬಿಟ್ಟುಬಂದಂತೆ ಎಂದು ಅವಳಿಗೆ ಅನಿಸಿಬಿಟ್ಟಿತ್ತು.

ಹುಬ್ಬಳ್ಳಿಯ ಪ್ರಯೋಗಾಲಯದಲ್ಲಿ ಓದುನಡೆಯನ್ನು ರೂಪಿಸಿದ ವಿಜ್ಞಾನಿ ಡಾಕ್ಟರ್ ವೈಜಯಂತಿ ಹೊಂಬಳ ತಾನೇ ಕೂತು ಜನರ ದೂರು ಕೇಳುತ್ತಿದ್ದಳು.

"ನಗು ಬರೂ ಜಾಗಾ ಬಂತಂದ್ರ ಸಾಕ್ರಿ ಅಕ್ಕಾರ, ಹಟಾ ಹಿಡದು ನಿಂದರತೈತಿ," ಎಂದಳು ಸಾವಂತ್ರೆವ್ವ.

ವೈಜಯಂತಿ ಸಾಧನವನ್ನು ಗಣಕಕ್ಕೆ ಜೋಡಿಸಿ ತೆರೆಯ ಮೇಲೆ ಮೂಡಿದ ಗೆರೆಗಳನ್ನು ನೋಡಿದಳು. "ನಿಮ್ಮ ಯಜಮಾನ್ರ ಓದುನಡೆ ಇದರೊಳಗ ಉಳದದ. ಅವರಿಗೆ ನಡುನಡುವ ಪುಟದ ಮ್ಯಾಲಿಂದ ದೃಷ್ಟಿ ತಪ್ಪತಿತ್ತು ಕಾಣ್ತದ. ಅಳಿಸಿಬಿಟ್ರ ನಿಮ್ಮ ನಡೆ ಕಲೀತದ. ಅಳಸ್ಲೇನು?"

"ಪುಸ್ತಕ ಅಳಸೂದಿಲ್ಲಲ್ರೀ?"

"ಪುಸ್ತಕಕ್ಕ ಏನೂ ಆಗೂದಿಲ್ಲ."

"ಹಂಗಾರ ಅಳಸ್ರಿ. ಅವರಿಗ್ಯಾಕ ಬೇಕು ಇನ್ನ."

ಕೆಲಸ ಕ್ಷಣದಲ್ಲಿ ಮುಗಿಯಿತು. ಸಾಧನವನ್ನು ಹಿಂದಿರುಗಿಸುವಾಗ ವೈಜಯಂತಿ ಸಹಜ ಕುತೂಹಲದಿಂದ ಕೇಳಿದಳು: "ಒಂದ್ ಮಾತು ಅವ್ವಾರ. ಓದು ನಿಂತಾಗೆಲ್ಲಾ ಅವರ ಕಣ್ಣು ಒಂದ ದಿಕ್ಕಿಗೆ ಹೋಗ್ಯಾವ. ಎಡಕ್ಕ, ಸ್ವಲ್ಪ ಕೆಳಗ. ಅಲ್ಲೇನಿತ್ತು, ಟೀವಿ?"

ಸಾವಂತ್ರೆವ್ವ ಮನಸ್ಸಿನಲ್ಲೇ ಅವನ ಕುರ್ಚಿಯನ್ನಿಟ್ಟು ನೋಡಿದಳು. ಬಲಕ್ಕೆ ಕಿಟಕಿ. ಎದುರಿಗೆ ಬಾಗಿಲು. ಎಡಕ್ಕೆ...

"ಅಲ್ಲಿ ನಾ ಕುಂದರ್ತಿದ್ದೆ," ಎಂದಳು.

ಅವಳು ನಗುವುದನ್ನು ನೋಡಲು ಅವನು ಓದು ನಿಲ್ಲಿಸುತ್ತಿದ್ದ. ಅವಳು ಒಮ್ಮೆಯೂ ತಲೆಯೆತ್ತಿರಲಿಲ್ಲ.

"ತಿರುಗಿ ಬರತೈತೇನ್ರಿ ಅದು?"

"ಇಲ್ಲ ಅವ್ವಾರ." ವೈಜಯಂತಿಯ ದನಿ ಉಡುಗಿತ್ತು. "ಒಬ್ಬರ ಓದಿನ ಗುಟ್ಟು ಇನ್ನೊಬ್ಬರಿಗೆ ಸಿಗಬಾರದು ಅಂತ, ಅಳಸಿದ್ದು ಮತ್ತ ಬರದಂಗ ನಾನ ಮಾಡೀನಿ. ಅವರು ನಿಲ್ಲೂದನ್ನ ದೋಷ ಅಂತ ತಿಳಕೊಂಡೆ. ತಪ್ಪಾತು."

"ನಾನೂ ಹಂಗ ತಿಳಕೊಂಡಿದ್ದೆ ಬಿಡ್ರಿ," ಎಂದು ಸಾವಂತ್ರೆವ್ವ ಎದ್ದಳು. ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಇದ್ದಳು.

ಮರುದಿನ ಸಂಜೆ ಅವಳು ತನ್ನ ಜಾಗದಲ್ಲೇ, ನೆಲದ ಮೇಲೆ ಕೂತು ಕಿಸೆಹೊತ್ತಿಗೆ ತೆರೆದಳು. ಪುಟಗಳು ಎಲ್ಲಿಯೂ ತಡೆಯದೆ ಸರಾಗವಾಗಿ ಮಗುಚತೊಡಗಿದವು. ಓದದ ಪುಟಗಳಲ್ಲೂ ಅವನು ಅವಳ ಕಡೆ ತಿರುಗಿ ತಿರುಗಿ ನೋಡುತ್ತಿದ್ದ; ಅವಳೇ ಗದರಿ ಗದರಿ ಅವನನ್ನು ಓಡಿಸಿದ್ದಳು.

ಕಥೆಯಲ್ಲಿ ಮಾವ ಕಂದೀಲು ಹಿಡಿದು ಹೊರಗೆ ಬಂದ. ಕೈಮುಗಿದ ಅಳಿಯನನ್ನೂ ಎಮ್ಮೆಯನ್ನೂ ನೋಡಿ, "ಆಶೀರ್ವಾದ ಆತೇನಪಾ? ಆಗಿದ್ರ ಒಳಗ ಬಾ," ಎಂದ. ಸಾವಂತ್ರೆವ್ವನಿಗೆ ಅಳುವಿನ ನಡುವೆಯೇ ನಗು ಬಂತು. ನಗುತ್ತ ಕುರ್ಚಿಯ ಕಡೆ ತಲೆಯೆತ್ತಿದಳು.

ಕುರ್ಚಿ ಖಾಲಿಯಿತ್ತು. ಎಷ್ಟು ಹೊತ್ತು ನೋಡಿದಳೋ. ಮತ್ತೆ ತಲೆ ಬಗ್ಗಿಸಿದಾಗ ಪುಟ ಅಲ್ಲೇ ಇತ್ತು, ಕಾಯುತ್ತಿತ್ತು. ಅವಳ ಕಣ್ಣು ಬಲಕ್ಕೆ, ಸ್ವಲ್ಪ ಮೇಲಕ್ಕೆ ಹೋದದ್ದನ್ನು ಅದು ಗಮನಿಸಿಕೊಂಡಿತ್ತು.

"ಅವಸರಿಲ್ಲ, ನಿಂದರು," ಎಂದು ಅದಕ್ಕೆ ಹೇಳಿ, ಅವಳು ಮತ್ತೆ ಕುರ್ಚಿಯ ಕಡೆ ನೋಡಿದಳು.