ಹೇಳದೆ ಮುಟ್ಟಬಾರದ ಗುಳ್ಳ

"ಅಯ್ಯೋ, ಮುಟ್ಬೇಡಿ ಮಾರಾಯ್ರೆ!"

ನಿಶ್ಮಿತಾ ಟೆರೇಸಿಗೆ ಓಡಿ ಬರುವಷ್ಟರಲ್ಲಿ ತಡವಾಗಿತ್ತು. ನಿಂಬೆಹಣ್ಣಿನ ಗಾತ್ರದ ನಾಲ್ಕು ಎಳೆ ಬದನೆಕಾಯಿಗಳು ಆ ಅಪರಿಚಿತನ ಬುಟ್ಟಿ ಸೇರಿದ್ದವು. ಉಡುಪಿಯ ಮಟ್ಟುವಿನಿಂದ ಅಜ್ಜಿ ಕಳಿಸಿದ ಬೀಜ, ಡೊಂಬಿವಲಿಯ ಬಿಸಿಲಲ್ಲಿ ಮೂರು ತಿಂಗಳ ಆರೈಕೆ... ಎಲ್ಲ ಹೋಯಿತು!

"ಇದು ಗುಳ್ಳ! ದೊಡ್ಡದಾಗ್ಲಿಕ್ಕೆ ಬಿಡ್ಬೇಕು. ನಿಮಗೆ ತಲೆ ಸಮ ಉಂಟಾ?"

"ಸಾರಿ ರೀ... ನಮ್ಮ ಅವ್ವನ ಪಾಟ್ ಇದ ಅಂತ ತಿಳಿದೆ. ಎಣಗಾಯಿಗೆ ಸಣ್ಣೂನ ಬೇಕಲ್ರೀ?"

ಮೂರನೆಯ ಮಹಡಿಗೆ ಹೊಸದಾಗಿ ಬಂದ ಗದಗಿನ ಪಾರವ್ವನ ಮಗ, ಸ್ವಪ್ನಿಲ್.

ಸಂಜೆ ಅದೇ ಕಾಯಿಗಳ ಎಣಗಾಯಿ ಡಬ್ಬಿಯಲ್ಲಿ ಬಂತು. ಉರಿಯುವ ಬೆಂಕಿಗೆ ತುಪ್ಪ! ಇನ್ನೂ ಸಿಟ್ಟಿನ ವಿಷಯವೆಂದರೆ, ಅದು ಬಹಳ ರುಚಿಯಾಗಿತ್ತು.

ತಪ್ಪಿಗೆ ಪ್ರಾಯಶ್ಚಿತ್ತವೆಂದು ಗಿಡಕ್ಕೆ ನೀರು ಹಾಕುವ ಕೆಲಸ ಅವನೇ ವಹಿಸಿಕೊಂಡ. ಬೆಳಿಗ್ಗೆಯೇ ಮಹಾಪೆಯ ಆಫೀಸಿಗೆ ಓಡುವ ಅವಳಿಗೆ ಅದು ಅನುಕೂಲವೇ ಆಯಿತು. ಸಂಜೆ ಟೆರೇಸಿನಲ್ಲಿ ಪಾಠ.

"ಮೈ ಮಿರಿಮಿರಿ ಹೊಳೀಬೇಕು. ಹೆಬ್ಬೆರಳಲ್ಲಿ ಒತ್ತಿದ್ರೆ ಚೂರು ತಗ್ಗಿ, ಮೆಲ್ಲ ಮೇಲೆ ಬರ್ಬೇಕು. ಹೊಳಪು ಹೋದ್ರೆ ಮುಗೀತು, ಒಳಗೆ ಬರೀ ಬೀಜ. ನಾನು ಹೇಳದೆ ಮುಟ್ಬೇಡಿ!"

"ಆತ್ರೀ."

ಎರಡು ತಿಂಗಳಲ್ಲಿ ಅವಳ ಮನಸ್ಸು ಪೂರ್ತಿ ಅವನ ಕಡೆ ವಾಲಿತ್ತು. ಆದರೆ ಅವನಿಗೆ ಸುಳಿವು ಕೊಟ್ಟರೆ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಕೊನೆಗೆ ನೇರವಾಗಿಯೇ ಕೆಣಕಿದಳು.

"ಮುಂದಿನ ವಾರ ಬಿಟ್ಟು ಅದರ ಮುಂದಿನ ಭಾನುವಾರ ನನ್ನನ್ನು ನೋಡ್ಲಿಕ್ಕೆ ಮಾಜಿವಾಡಾದಿಂದ ಬರ್ತಾರೆ. ಹುಡುಗ ಒಪ್ಪಿದ ಹಾಗೇ."

"ಛಲೋ ಆತಲ್ರೀ..."

*ಛಲೋ ಅಂತೆ! ಕಲ್ಲಾದರೂ ಕರಗುತ್ತಿತ್ತು!* ಅವಳು ದಡದಡನೆ ಇಳಿದು ಹೋದಳು. ಪೈಪಿನ ನೀರು ಗಿಡ ಬಿಟ್ಟು ಅವನ ಚಪ್ಪಲಿಯ ಮೇಲೆಯೇ ಸುರಿಯುತ್ತಿದ್ದದ್ದು ಅವಳಿಗೆ ಕಾಣಲಿಲ್ಲ.

ಆಮೇಲೆ ಟೆರೇಸಿನ ಕಡೆ ತಲೆಯನ್ನೂ ಹಾಕಲಿಲ್ಲ.

ಆ ಭಾನುವಾರ ಬೆಳಿಗ್ಗೆ ಅಮ್ಮ ರತ್ನಾವತಿ ಅಡುಗೆಮನೆಯಿಂದಲೇ ಕೂಗಿದರು. "ಗುಳ್ಳ ಕೊಯ್ದು ತಾ, ಬಂದವರಿಗೆ ಬೋಳುಹುಳಿ ಮಾಡುವ!"

ಮೇಲೆ ಹೋಗಿ ನೋಡಿದರೆ... ಗಿಡದಲ್ಲಿದ್ದ ಐದೂ ಗುಳ್ಳ ಹೊಳಪು ಕಳೆದು ಹಳದಿಗೆ ತಿರುಗಿದ್ದವು! ಪಕ್ಕದಲ್ಲಿ ಸ್ವಪ್ನಿಲ್ ಗಡ್ಡ ಬೆಳೆಸಿಕೊಂಡು, ನೀರಿನ ಪೈಪು ಹಿಡಿದು ನಿಂತಿದ್ದ.

"ಕೊಯ್ಯಲಿಕ್ಕೆ ಎಂತ ಧಾಡಿ ನಿಮಗೆ?"

"ನೀವು ಹೇಳದ ಮುಟ್ಟಬ್ಯಾಡ ಅಂದಿದ್ರಿ."

"ಹೊಳಪು ಹೋಗುವುದು ಕಣ್ಣಿಗೆ ಕಾಣ್ಲಿಲ್ವಾ?"

"ದಿನಾ ನೋಡೀನ್ರೀ. ಇವತ್ತ ಬರ್ತೀರಿ, ನಾಳೆ ಬರ್ತೀರಿ ಅಂತ ಕಾಯ್ಕೋತ ನಿಂತೆ."

ಅವಳ ಕಣ್ಣು ತುಂಬಿತು. ಸಿಟ್ಟೋ, ದುಃಖವೋ ಅವಳಿಗೇ ತಿಳಿಯಲಿಲ್ಲ.

"ಅವತ್ತು ಎಳೆಕಾಯಿ ಕೊಯ್ಯುವಾಗ ಯಾರನ್ನು ಕೇಳಿದ್ರಿ? ಬಾಯಿಬಿಟ್ಟು ಹೇಳ್ಬೇಕಾದ್ದಕ್ಕೆ ಮಾತ್ರ ಅಪ್ಪಣೆ ಬೇಕಾ?"

ಅವನು ಪೈಪು ಕೆಳಗಿಟ್ಟ.

"ಒಮ್ಮೆ ಅವಸರ ಮಾಡಿ ನಿಮ್ಮನ್ನ ನೋಯಿಸಿದ್ದೆ. ಮತ್ತೆ ನೋಯಿಸಬಾರದು ಅಂತ ಅಂಜಿದೆ. ನೀವಂದ್ರ ನನಗ ಜೀವ ರೀ, ನಿಶ್ಮಿತಾ... ಅವರನ್ನ ಒಪ್ಪಬ್ಯಾಡ್ರಿ."

ಅವಳು ಕಣ್ಣೊರೆಸಿಕೊಂಡು ಫೋನ್ ತೆಗೆದಳು.

"ಅಮ್ಮಾ, ಅವರಿಗೆ ಬರ್ಬೇಡಿ ಅಂತ ಹೇಳಿ. ಎಂತಕ್ಕೆ ಅಂತಲಾ? ಕಾರಣವನ್ನೇ ಕರ್ಕೊಂಡು ಕೆಳಗೆ ಬರ್ತೇನೆ, ನೀವೇ ನೋಡಿ!"

ಸ್ವಪ್ನಿಲ್ ತಬ್ಬಿಬ್ಬಾಗಿ ಹಳದಿ ಗುಳ್ಳಗಳನ್ನು ನೋಡಿದ. "ಇವನ್ನ ಏನ್ ಮಾಡೋಣ್ರೀ?"

"ಬೀಜಕ್ಕೆ ಇಡಿ. ಬರುವ ವರ್ಷ ನಮ್ಮ ಮನೆ ಗ್ಯಾಲರಿಯ ಪಾಟಿಗೆ ಬೇಕಲ್ಲ."

"ನಮ್ಮ... ಅಂದ್ರ?"

"ಅದನ್ನೂ ನಾನೇ ಹೇಳ್ಬೇಕಾ ಮಾರಾಯ್ರೆ!" ಎನ್ನುತ್ತಾ ಅವಳು ಅವನ ಒದ್ದೆ ಕೈ ಹಿಡಿದುಕೊಂಡಳು.