ಹಗಲು ಮಲಗುವ ಮನೆಗೊಂದು ಕಂಪ್ಯೂಟರ್

"ಕಂಪ್ಯೂಟರಿನ ಪವರ್ ಸಪ್ಲೈಯಲ್ಲಿ ದುಡ್ಡು ಉಳಿಸೋಣ," ಅಂದಳು ಗಿಲಕಿ, ಪಿಸುಮಾತಿನಲ್ಲಿ.

"ಉಳಿಸು. ಆಮೇಲೆ ಅದರಿಂದ ಹೊಗೆ ಬಂದ್ರೆ ನನ್ನ ಕರೀಬೇಡ," ಅಂದ ಪ್ರೊಫೆಸರ್, ಅವನೂ ಪಿಸುಮಾತಿನಲ್ಲೇ.

"ಹಾಗಾದ್ರೆ ಮಾನಿಟರ್ ಚಿಕ್ಕದು ತಗೊಳ್ಳೋಣ."

"ಅಂಚೆಚೀಟಿ ಮೇಲೆ ಕಾರ್ ಓಡಿಸ್ತೀಯಾ?"

ಗಿಲಕಿ ಅವನ ಮಂಡಿಗೆ ಒಂದು ಗುದ್ದು ಕೊಟ್ಟಳು, ಅದನ್ನೂ ಸದ್ದಾಗದ ಹಾಗೆ. ಪ್ರೊಫೆಸರ್ ಬಾಯಿ ತೆರೆದು "ಅಯ್ಯೋ" ಎಂದು ಕೂಗುವಂತೆ ಮಾಡಿದ. ದನಿ ಮಾತ್ರ ಹೊರಗೆ ಬರಲಿಲ್ಲ.

ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತು ಹೀಗೆ ಜಗಳವಾಡುತ್ತಿದ್ದರು. ರಜಾದಿನದ ಮಧ್ಯಾಹ್ನ. ಪರದೆಯ ಆಚೆ, ಮನೆಗಿದ್ದ ಒಂದೇ ಒಂದು ಕೋಣೆಯಲ್ಲಿ ಅಪ್ಪ ಮಲಗಿದ್ದ.

ಗಿಲಕಿಯ ಅಪ್ಪನಿಗೆ ಬೇಕರಿಯಲ್ಲಿ ಕೆಲಸ. ಊರು ಮಲಗಿದ ಮೇಲೆ ಹೋಗಿ ಹಿಟ್ಟು ಕಲಸಬೇಕು, ಊರು ಏಳುವಷ್ಟರಲ್ಲಿ ಬ್ರೆಡ್ಡು ಒಲೆಯಿಂದ ಹೊರಗೆ ಬಂದಿರಬೇಕು. ಹಾಗಾಗಿ ಎಲ್ಲರ ಮನೆಯ ರಾತ್ರಿ ಇವರ ಮನೆಗೆ ಹಗಲಿನಲ್ಲಿ ಬರುತ್ತಿತ್ತು. ಬಾಗಿಲ ಚಿಲಕಕ್ಕೆ ಅಮ್ಮ ಹಳೇ ಬಟ್ಟೆ ಸುತ್ತಿದ್ದಳು. ಕುರ್ಚಿಯನ್ನು ಯಾರೂ ಎಳೆಯುತ್ತಿರಲಿಲ್ಲ, ಎತ್ತಿ ಇಡುತ್ತಿದ್ದರು. ತಟ್ಟೆಗಳ ನಡುವೆ ಒಂದೊಂದು ಕಾಗದ. ಮಾತಾಡಲು "ಹಗಲು ದನಿ" ಅಂತ ಒಂದು ಬೇರೆಯೇ ದನಿ ಇತ್ತು. ಮಗುವಾಗಿದ್ದಾಗ ಇವಳೊಬ್ಬಳೇ ಆ ನಿಯಮ ಮುರಿದು ಇಡೀ ದಿನ ಸದ್ದು ಮಾಡುತ್ತಿದ್ದಳಂತೆ. ಗಿಲಕಿ ಅನ್ನುವ ಹೆಸರು ಆಗ ಬಿದ್ದದ್ದು.

ಪ್ರೊಫೆಸರ್ ಅವಳ ಚಿಕ್ಕಪ್ಪನ ಮಗ. ವಯಸ್ಸಿನಲ್ಲಿ ಒಂದೇ ವರ್ಷ ದೊಡ್ಡವನಾದರೂ ಮಾತಿನಲ್ಲಿ ಅಜ್ಜ. ಕಂಪ್ಯೂಟರ್ ಬಗ್ಗೆ ಎಷ್ಟು ವಿಡಿಯೊ ಇದೆಯೋ ಅಷ್ಟನ್ನೂ ನೋಡಿದ್ದ.

"ದುಡ್ಡು ಇಷ್ಟು," ಅಂತ ಅಪ್ಪ ಹೇಳಿಬಿಟ್ಟಿದ್ದ. ಆರ್ಡರ್ ಜಾಸ್ತಿ ಇದ್ದ ತಿಂಗಳುಗಳಲ್ಲಿ ಹೆಚ್ಚು ಕೆಲಸ ಮಾಡಿ ಕೂಡಿಟ್ಟ ದುಡ್ಡು. "ಇದರ ಮೇಲೆ ಒಂದು ಪೈಸೆ ಇಲ್ಲ. ಏನು ತರೋದು ಅನ್ನೋದು ನಿಂಗೆ ಬಿಟ್ಟಿದ್ದು. ನಂಗೆ ಅದೆಲ್ಲಾ ಅರ್ಥ ಆಗಲ್ಲ."

ಗಿಲಕಿಗೆ ಬೇಕಿದ್ದದ್ದು ಕಾರ್ ರೇಸ್ ಆಟ. ಕ್ಲಾಸಿನ ಅರ್ಧದಷ್ಟು ಜನ ಸ್ಕೂಲ್ ಬಿಟ್ಟ ಮೇಲೆ ಅದರಲ್ಲೇ ಸೇರುತ್ತಿದ್ದರು. ಬೆಟ್ಟ ಹತ್ತಿ, ಸುರಂಗದಲ್ಲಿ ನುಗ್ಗಿ, ಮಾರನೆಯ ದಿನ ಕ್ಲಾಸಿನಲ್ಲಿ ಅದೇ ಮಾತು. ಗಿಲಕಿ ಇದುವರೆಗೆ ಪ್ರೊಫೆಸರನ ಹೆಗಲ ಮೇಲಿಂದ ಇಣುಕಿ ನೋಡಿದ್ದಷ್ಟೇ. ಅವಳಿಗೆ ಎಲ್ಲ ತಿರುವುಗಳೂ ಬಾಯಿಪಾಠ. ಸ್ಟೇರಿಂಗು ಮಾತ್ರ ಬೇರೆಯವರ ಕೈಯಲ್ಲಿ.

"ಕೇಳು," ಅಂದ ಪ್ರೊಫೆಸರ್. "ಗ್ರಾಫಿಕ್ಸ್ ಕಾರ್ಡ್ ಇದೆಯಲ್ಲ, ಸ್ಕ್ರೀನ್ ಮೇಲೆ ಚಿತ್ರ ಬಿಡಿಸೋದೇ ಅದು. ಅದರಲ್ಲಿ ಮಾತ್ರ ಜಿಪುಣತನ ಮಾಡ್ಬಾರ್ದು. ಸ್ಟ್ರಾಂಗ್ ಕಾರ್ಡ್ ಹಾಕೋಣ. ಮಿಕ್ಕಿದ್ದೆಲ್ಲ ಅಗ್ಗದ್ದು."

"ಹೆಡ್‌ಫೋನು?"

"ಅದು ಬೇಕೇ ಬೇಕು. ನಿಮ್ಮ ಮನೇಲಿ ಸೌಂಡ್ ಬಂದ್ರೆ ಕತೆ ಮುಗೀತು."

ಗಿಲಕಿ ಎಲ್ಲಕ್ಕಿಂತ ಮೊದಲು ಹೆಡ್‌ಫೋನಿಗೆ ದುಡ್ಡು ತೆಗೆದಿಟ್ಟಳು. ಇಂಜಿನ್ನಿನ ಮೊರೆತ, ಬ್ರೇಕಿನ ಕಿರುಚಾಟ ಎಲ್ಲ ತನ್ನ ಕಿವಿಯೊಳಗೇ ಇರುತ್ತದೆ, ಕೋಣೆಗೆ ಏನೂ ಸೋರುವುದಿಲ್ಲ. ಅಪ್ಪನ ಮಂಚಕ್ಕೂ ಕಂಪ್ಯೂಟರ್ ಇಡಬೇಕಾದ ಮೇಜಿಗೂ ನಡುವೆ ಒಬ್ಬರು ಅಡ್ಡಡ್ಡ ನಡೆಯುವಷ್ಟೇ ಜಾಗ. ಅಷ್ಟು ಹತ್ತಿರ ಕೂತರೂ ಅಪ್ಪನಿಗೆ ಗೊತ್ತಾಗುವುದಿಲ್ಲ. ಈ ಯೋಚನೆ ಅವಳಿಗೆ ಬಹಳ ಸಮಾಧಾನ ಕೊಟ್ಟಿತು. ಸಮಸ್ಯೆ ಬಗೆಹರಿಯಿತು ಅಂದುಕೊಂಡಳು.

ಮರುದಿನವೂ ರಜೆ. ಬೆಳಿಗ್ಗೆ ಕೆಲಸ ಮುಗಿಸಿದ ಅಪ್ಪ ಮನೆಗೆ ಬಾರದೆ ನೇರವಾಗಿ ಕಂಪ್ಯೂಟರ್ ಅಂಗಡಿಗೇ ಬಂದ. ಕಿವಿಯ ಹಿಂದೆ ಇನ್ನೂ ಹಿಟ್ಟು ಇತ್ತು.

"ಒರೆಸ್ಕೋ ಅಪ್ಪ," ಅಂದಳು ಗಿಲಕಿ.

"ಇರ್ಲಿ ಬಿಡು. ಎಲ್ಲಾದ್ರೂ ಕಳೆದುಹೋದ್ರೆ ಬೇಕರಿಯವನು ಅಂತ ಗುರುತು ಸಿಗುತ್ತೆ."

ಅಂಗಡಿ ನಡೆಸುತ್ತಿದ್ದವಳನ್ನು ಎಲ್ಲರೂ ಅಂಗಡಿ ಅಕ್ಕ ಅನ್ನುತ್ತಿದ್ದರು. ಕತ್ತಿಗೆ ಒಂದು ಪುಟ್ಟ ಸ್ಕ್ರೂಡ್ರೈವರ್ ನೇತುಹಾಕಿಕೊಂಡಿದ್ದಳು. ಪಕ್ಕದಲ್ಲೇ ಕಬ್ಬಿಣದ ಗೇಟು ಮಾಡುವ ಅಂಗಡಿ. ಅಲ್ಲಿ ಕೊಯ್ಯುವ ಯಂತ್ರ ಎಡೆಬಿಡದೆ ಕಿರ್ರ್ ಎನ್ನುತ್ತಿತ್ತು. ಅದರ ಜೊತೆಗೆ ತಲೆಯ ಮೇಲೆ ಗಡಗಡ ತಿರುಗುವ ಫ್ಯಾನು. ಎಲ್ಲರೂ ಕೂಗಿಯೇ ಮಾತಾಡಬೇಕು.

"ಏನೇನು ಬೇಕು ಅಂತ ಯೋಚ್ನೆ ಮಾಡಿದೀಯ?" ಅಂಗಡಿ ಅಕ್ಕ ಕೂಗಿದಳು.

ಪ್ರೊಫೆಸರ್ ಗಂಟಲು ಸರಿಮಾಡಿಕೊಂಡು ಶುರುಮಾಡಿದ. ಅವನ ಬಾಯಿಂದ ನಂಬರುಗಳು ಮಳೆಯಂತೆ ಸುರಿದವು. ಅಂಗಡಿ ಅಕ್ಕ ತಲೆಯಾಡಿಸುತ್ತಾ ಕೇಳಿದಳು. "ಇಂಥದ್ದೇ ಒಂದು ಬೇರೆಯವರಿಗೆ ಜೋಡಿಸಿದೀನಿ. ಸಂಜೆ ತಗೊಂಡು ಹೋಗ್ತಾರೆ. ಆಡಿ ನೋಡ್ತೀಯಾ?"

ಅದರ ಪೆಟ್ಟಿಗೆಯ ಮುಂಭಾಗ ಪೂರ್ತಿ ಗಾಜು. ಒಳಗೆ ನೀಲಿ ಬೆಳಕು ಉಸಿರಾಡುವಂತೆ ಏರಿ ಇಳಿಯುತ್ತಿತ್ತು. ಅಂಗಡಿ ಅಕ್ಕ ರೇಸ್ ಆಟ ಹಾಕಿದಳು. ಬೆಟ್ಟದ ಮೇಲಿನ ಹುಲ್ಲು ಗಾಳಿಗೆ ಬಾಗಿತು. ಕಾರಿನ ನೆರಳು ರಸ್ತೆಯ ಮೇಲೆ ಅದರ ಜೊತೆಯಲ್ಲೇ ಓಡಿತು. ಒದ್ದೆ ರಸ್ತೆಯಲ್ಲಿ ಆಕಾಶ ಕೂಡ ಕಾಣುತ್ತಿತ್ತು. ಗಿಲಕಿ ಹೆಡ್‌ಫೋನ್ ಹಾಕಿಕೊಂಡು ಮೊದಲ ಸಲ ತಾನೇ ಕಾರು ಓಡಿಸಿದಳು. ಪ್ರತಿ ತಿರುವೂ ಅವಳಿಗೆ ಗೊತ್ತಿದ್ದದ್ದೇ. ಸುರಂಗದಿಂದ ಹೊರಬಂದಾಗ ಅವಳ ಮುಖ ಅರಳಿಹೋಗಿತ್ತು.

"ಇದೇ," ಅಂದಳು, ಹೆಡ್‌ಫೋನ್ ತೆಗೆದು. "ಅಕ್ಕ, ನಂಗೆ ಇದೇ ಬೇಕು."

ಅಪ್ಪ ಮೂಲೆಯ ಸ್ಟೂಲಿನ ಮೇಲೆ, ರಟ್ಟಿನ ಡಬ್ಬಗಳಿಗೆ ಒರಗಿ ಕೂತಿದ್ದ. ಕಣ್ಣು ಮುಚ್ಚಿತ್ತು.

ಅಷ್ಟರಲ್ಲಿ ಕರೆಂಟ್ ಹೋಯಿತು.

ಕೊಯ್ಯುವ ಯಂತ್ರ ನರಳುತ್ತಾ ನಿಂತಿತು. ಫ್ಯಾನು ನಿಧಾನವಾಯಿತು. ಇಡೀ ಬೀದಿಯೇ ಉಸಿರು ಹಿಡಿದಂತೆ ಸುಮ್ಮನಾಯಿತು. ಆದರೆ ಗಾಜಿನ ಪೆಟ್ಟಿಗೆ ಆರಲಿಲ್ಲ. ಅದಕ್ಕೆ ಬ್ಯಾಟರಿಯ ಯುಪಿಎಸ್ ಇತ್ತು. ಯುಪಿಎಸ್ ಪೀಂ ಪೀಂ ಅಂದಿತು. ಅಂಗಡಿ ಅಕ್ಕ ಒಂದು ಗುಂಡಿ ಒತ್ತಿ ಅದರ ಬಾಯಿ ಮುಚ್ಚಿಸಿದಳು.

ಆಗ ಗಿಲಕಿಗೆ ಕೇಳಿಸಿತು.

ಭರ್ರೋ ಎಂಬ ಸದ್ದು. ತಲೆಕೂದಲು ಒಣಗಿಸುವ ಯಂತ್ರವನ್ನು ಯಾರೋ ಹಚ್ಚಿ ಮರೆತಂತೆ. ಅವಳು ಅತ್ತಿತ್ತ ನೋಡಿದಳು. ಅದು ಬರುತ್ತಿದ್ದದ್ದು ಗಾಜಿನ ಪೆಟ್ಟಿಗೆಯಿಂದ.

"ಅಕ್ಕ, ಇದು ಕೆಟ್ಟಿದೆಯಾ?"

"ಇಲ್ಲಮ್ಮ. ಆಟ ಇನ್ನೂ ಓಡ್ತಾ ಇದೆಯಲ್ಲ, ಕಾರ್ಡ್ ಬಿಸಿ ಆಗುತ್ತೆ. ಅದರ ಫ್ಯಾನ್ ಚಿಕ್ಕದು, ಮುಂದೆ ಗಾಜು ಬೇರೆ, ಗಾಳಿ ಒಳಗೆ ಹೋಗಲ್ಲ. ಅದಕ್ಕೇ ಜೋರಾಗಿ ತಿರುಗುತ್ತೆ. ಆಡೋವಾಗ ಗೊತ್ತಾಗಲ್ಲ ಬಿಡು. ಕಿವಿಗೆ ಹೆಡ್‌ಫೋನ್ ಇರುತ್ತಲ್ಲ."

ಗಿಲಕಿ ಕೈಯಲ್ಲಿದ್ದ ಹೆಡ್‌ಫೋನನ್ನು ನೋಡಿದಳು. ಇದನ್ನು ಹಾಕಿಕೊಂಡವರಿಗೆ ಗೊತ್ತಾಗುವುದಿಲ್ಲ, ನಿಜ.

ಅವಳು ಅಪ್ಪನ ಕಡೆ ತಿರುಗಿದಳು. ಅವನ ಕಣ್ಣು ಮುಚ್ಚಿಯೇ ಇತ್ತು. ಹುಬ್ಬುಗಳ ನಡುವೆ ಮಾತ್ರ ಸಣ್ಣ ಗಂಟು ಬಿದ್ದಿತ್ತು. ಆ ಗಂಟು ಅವಳಿಗೆ ಚೆನ್ನಾಗಿ ಗೊತ್ತು. ಹಗಲಲ್ಲಿ ಚಮಚ ಕೆಳಗೆ ಬಿದ್ದರೆ ಅದು ಬರುತ್ತಿತ್ತು. ಅಪ್ಪ ಬಯ್ಯುತ್ತಿರಲಿಲ್ಲ. ಮಗ್ಗುಲು ಬದಲಿಸುತ್ತಿದ್ದ, ಆಮೇಲೆ ಬಹಳ ಹೊತ್ತು ನಿದ್ದೆ ಬಾರದೆ ಸುಮ್ಮನೆ ಮಲಗಿರುತ್ತಿದ್ದ.

"ನಿನ್ನ ಕಂಪ್ಯೂಟರಲ್ಲೂ ಹೀಗೇ ಸದ್ದು ಬರುತ್ತಾ?" ಅವಳು ಪ್ರೊಫೆಸರನನ್ನು ಕೇಳಿದಳು.

ಪ್ರೊಫೆಸರ್ ತಲೆ ಕೆರೆದುಕೊಂಡ. "ನಂಗೆ ಹೇಗೆ ಗೊತ್ತು? ನಾನು ಒಳಗೆ ರೇಸಲ್ಲಿರ್ತೀನಿ."

"ವಿಡಿಯೊದಲ್ಲಿ ಯಾರೂ ಹೇಳ್ಲಿಲ್ವಾ?"

"ಅದರಲ್ಲೆಲ್ಲ ಹಿಂದೆ ಮ್ಯೂಸಿಕ್ ಇರುತ್ತಲ್ಲ."

ಗಿಲಕಿ ಅಂಗಡಿ ಅಕ್ಕನ ಹತ್ತಿರ ಹೋದಳು. ಯಾಕೋ ಅವಳ ದನಿ ಹಗಲು ದನಿಗೆ ಇಳಿದಿತ್ತು. "ಅಕ್ಕ, ಸದ್ದೇ ಆಗದ್ದು ಇದೆಯಾ?"

"ಇದೆ. ಇದಕ್ಕಿಂತ ಕಮ್ಮಿ ಪವರಿನ ಕಾರ್ಡು, ಅದು ಅಷ್ಟಾಗಿ ಬಿಸಿ ಆಗಲ್ಲ. ಮುಂದೆ ಗಾಜಿನ ಬದಲು ಜಾಲರಿ ಇರೋ ಪೆಟ್ಟಿಗೆ. ನಿಧಾನಕ್ಕೆ ತಿರುಗೋ ದೊಡ್ಡ ಫ್ಯಾನುಗಳು. ಕಾರ್ಡಲ್ಲಿ ಉಳಿದ ದುಡ್ಡು ಫ್ಯಾನುಗಳಿಗೇ ಹೋಗುತ್ತೆ. ಲೆಕ್ಕಕ್ಕೆ ಸರಿಹೋಗುತ್ತೆ, ಲೈಟ್ ಇರಲ್ಲ."

"ರೇಸ್ ಓಡುತ್ತಾ?"

"ಓಡುತ್ತೆ. ಚಿತ್ರ ಇಷ್ಟು ಚೆಂದ ಇರಲ್ಲ."

ಪ್ರೊಫೆಸರ್ ನಡುವೆ ಬಾಯಿ ಹಾಕಿದ. "ಇಷ್ಟು ಚೆಂದ ಇರಲ್ವಾ? ಅಕ್ಕ, ಸರಿಯಾಗಿ ಹೇಳಿ. ಹುಲ್ಲು ಹಸಿರು ಪೇಂಟ್ ಥರ ಕಾಣುತ್ತೆ. ಕಾರಿಗೆ ನೆರಳೇ ಇರಲ್ಲ, ದೆವ್ವದ ಕಾರ್ ಥರ. ಗಿಲಕಿ, ಎಲ್ರೂ ನಗ್ತಾರೆ ಕಣೆ."

ಗಿಲಕಿ ಸ್ಕ್ರೀನ್ ಕಡೆ ತಿರುಗಿದಳು. ಅಲ್ಲಿ ಅವಳ ಕಾರು ಬೆಟ್ಟದ ಅಂಚಿನಲ್ಲಿ ನಿಂತಿತ್ತು, ಪಕ್ಕದಲ್ಲಿ ಅದರ ಉದ್ದನೆಯ ನೆರಳು. ಹುಲ್ಲು ಇನ್ನೂ ಬಾಗುತ್ತಲೇ ಇತ್ತು. ಇಷ್ಟು ದಿನ ಕಾದದ್ದು ಇದಕ್ಕೇ ಅಲ್ಲವೇ.

"ಏನಾಯ್ತು?" ಅಪ್ಪ ಕಣ್ಣು ಬಿಟ್ಟಿದ್ದ. ಸದ್ದಿನ ಮಾತು ಅರ್ಧಂಬರ್ಧ ಅವನ ಕಿವಿಗೆ ಬಿದ್ದಿರಬೇಕು. "ನೋಡಿದ್ಯಲ್ಲ, ನಿಂಗೆ ಇಷ್ಟ ಆದದ್ದೇ ತಗೋ. ನನ್ನ ಮನೆ ಪಾತ್ರೆ ಅಂಗಡಿ ಮೇಲಿದ್ರೂ ಚಿಂತೆ ಇಲ್ಲ. ಮಲಗಿದ್ರೆ ನಾನು ಕಲ್ಲು."

ಗಿಲಕಿ ಕೈಯಲ್ಲಿದ್ದ ಹೆಡ್‌ಫೋನನ್ನು ಮೇಜಿನ ಮೇಲಿಟ್ಟಳು.

"ಆ ನೀಲಿ ಲೈಟ್ ನಂಗೆ ಇಷ್ಟ ಆಗ್ಲಿಲ್ಲ ಅಪ್ಪ," ಅಂದಳು. "ಕಣ್ಣಿಗೆ ಚುಚ್ಚುತ್ತೆ. ಅಕ್ಕ, ಜಾಲರಿದೇ ಕೊಡಿ."

ಪ್ರೊಫೆಸರ್ ಏನೋ ಹೇಳಲು ಬಾಯಿ ತೆರೆದ. ಅವಳು ಅವನ ಕಾಲು ತುಳಿದಳು. ಅವನು ಬಾಯಿ ಮುಚ್ಚಿದ.

ಅಂದು ಸಂಜೆ ಅಪ್ಪ ಕೆಲಸಕ್ಕೆ ಹೊರಡುವ ಮೊದಲು ಕಂಪ್ಯೂಟರ್ ಮೇಜಿನ ಮೇಲೆ ಕೂತಿತ್ತು. ಕಪ್ಪು ಪೆಟ್ಟಿಗೆ, ಮುಂದೆ ಜಾಲರಿ. ನೋಡಲು ದೊಡ್ಡ ರೇಡಿಯೊದ ಹಾಗೆ. ಅಮ್ಮ ಸುತ್ತಲೂ ನೋಡಿ, "ಇದೇನೇ, ಇಷ್ಟು ದುಡ್ಡು ಕೊಟ್ಟು ಒಂದು ದೀಪಾನೂ ಇಲ್ವಾ?" ಅಂದಳು. ಗಿಲಕಿ ನಕ್ಕಳು, ಆದರೆ ಒಳಗೊಳಗೇ ಆ ಮಾತು ಚುರುಕ್ಕೆಂದಿತು.

ಮಾರನೆಯ ದಿನ ಸ್ಕೂಲಿನಿಂದ ಬಂದವಳೇ ಆಟಕ್ಕೆ ಸೇರಿಕೊಂಡಳು. ಪ್ರೊಫೆಸರ್ ಹೇಳಿದ್ದು ಸುಳ್ಳಲ್ಲ. ಹುಲ್ಲು ಪೇಂಟಿನಂತೆಯೇ ಇತ್ತು. ನೆರಳಿಲ್ಲದ ಕಾರು ರಸ್ತೆಗೆ ತಾಕದೆ ಹಾರುವಂತೆ ಕಾಣುತ್ತಿತ್ತು. ಹೆಡ್‌ಫೋನಿನಲ್ಲಿ ಕ್ಲಾಸಿನವರ ದನಿಗಳು ಒಂದರ ಮೇಲೊಂದು ಬಿದ್ದವು. "ಬಂದ್ಲಪ್ಪ ಬಂದ್ಲು." "ಎಷ್ಟು ದಿನ ತಗೊಂಡೆ ಮಾರಾಯ್ತಿ." ಗಿಲಕಿ ಹಗಲು ದನಿಯಲ್ಲಿ ಉತ್ತರ ಕೊಟ್ಟರೆ, "ಏನು, ಗುಟ್ಟು ಹೇಳ್ತಿದೀಯಾ?" ಅಂತ ಒಬ್ಬ ಕೀಟಲೆ ಮಾಡಿದ. ಮೊದಲ ರೇಸಿನಲ್ಲಿ ಅವಳು ಕೊನೆಗೆ ಬಂದಳು. ಎರಡನೆಯದರಲ್ಲಿ ಸುರಂಗದ ತಿರುವಿನಲ್ಲಿ ಪ್ರೊಫೆಸರನನ್ನೇ ಹಿಂದೆ ಹಾಕಿದಳು. ಎಲ್ಲರೂ ಒಟ್ಟಿಗೆ ಕಿರುಚಿದರು. ನೆರಳು ಇಲ್ಲದ್ದು ಆಮೇಲೆ ಅವಳಿಗೆ ನೆನಪೇ ಆಗಲಿಲ್ಲ.

ಹೀಗೇ ಆ ವಾರ ಕಳೆಯಿತು.

ರಜಾದಿನ ಬಂತು. ಸಂಜೆ ಅಪ್ಪ ಎದ್ದು ಮುಖ ತೊಳೆಯಲು ಹೋಗಿದ್ದ. ಹಾಸಿಗೆ ಕೊಡವಿ ಇಡು ಅಂತ ಅಮ್ಮ ಹೇಳಿದಳು. ಗಿಲಕಿ ಹೊದಿಕೆ ಮಡಚಿ ದಿಂಬು ಎತ್ತಿದಳು. ಅದರ ಕೆಳಗೆ, ಗೋಡೆಯ ಕಡೆಯ ಮೂಲೆಯಲ್ಲಿ, ಔಷಧಿ ಅಂಗಡಿಯ ಒಂದು ಸಣ್ಣ ಪ್ಯಾಕೆಟ್ ಇತ್ತು.

ಮಾತ್ರೆ ಇರಬೇಕು ಅಂದುಕೊಂಡಳು. ಬೆಳಕಿಗೆ ಹಿಡಿದು ನೋಡಿದಳು. ಒಳಗಿದ್ದದ್ದು ಕಿತ್ತಳೆ ಬಣ್ಣದ ಎರಡು ಪುಟ್ಟ ಸ್ಪಂಜಿನ ತುಂಡುಗಳು. ಸದ್ದು ಕೇಳದಂತೆ ಕಿವಿಗೆ ಇಟ್ಟುಕೊಳ್ಳುವಂಥವು.

ಬಿಲ್ಲು ಪ್ಯಾಕೆಟ್ಟಿಗೇ ಅಂಟಿಕೊಂಡಿತ್ತು. ತಾರೀಕು ಅಂಗಡಿಗೆ ಹೋಗುವ ಹಿಂದಿನ ದಿನದ್ದು. ಅಂದರೆ ಇವಳು ಯಾವುದನ್ನೂ ಆರಿಸುವ ಮೊದಲೇ.

ಬಚ್ಚಲಿನಲ್ಲಿ ನೀರು ಸುರಿಯುವ ಸದ್ದು ನಿಂತಿತು. ಗಿಲಕಿ ಪ್ಯಾಕೆಟ್ಟನ್ನು ತಿರುಗಿಸಿ ನೋಡಿದಳು. ಸೀಲು ಒಡೆದಿರಲಿಲ್ಲ.

ಅವಳು ಅದನ್ನು ಇದ್ದ ಮೂಲೆಯಲ್ಲೇ, ಇದ್ದ ಹಾಗೆಯೇ ಇಟ್ಟಳು. ಮೇಲೆ ದಿಂಬು ಇಟ್ಟು ಅಂಗೈಯಿಂದ ಮೆಲ್ಲಗೆ ಸವರಿದಳು. ಅಪ್ಪ ಟವೆಲ್ಲಿನಿಂದ ಕಿವಿ ಒರೆಸುತ್ತಾ ಒಳಗೆ ಬಂದ.

"ಏನು, ಇವತ್ತು ಆಟ ಇಲ್ವಾ?"

"ಇದೆ," ಅಂದಳು ಗಿಲಕಿ. "ಸ್ವಲ್ಪ ಹೊತ್ತು ನೀನು ಆಡ್ತೀಯಾ ಅಪ್ಪ? ಹೇಳ್ಕೊಡ್ತೀನಿ." ಅವಳು ಕುರ್ಚಿಯನ್ನು ಅವನಿಗೆ ಬಿಟ್ಟು, ಪಕ್ಕದಲ್ಲಿ ನಿಂತುಕೊಂಡಳು.